ಇಂದು ಟೀಚರ್ ಸಾಕಿದ ಪ್ರಾಣಿಗಳು

ಎದುರಿಗೆ ಯಾರಾದರೂ ಮಾತಾಡುತ್ತಿದ್ದರೆ ಇಂದು ಎಂಬ ಹೆಸರಿನ ಟೀಚರ್ ಅವರ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಮೇಜಿನ ಅಂಚಿನ ಮೇಲೋ, ತೊಡೆಯ ಮೇಲಿನ ಸೀರೆಯ ನೆರಿಗೆಯ ಮೇಲೋ ಅವು ನಾವಾಡಿದ ಮಾತನ್ನೆಲ್ಲ ಟೈಪು ಮಾಡುತ್ತಿದ್ದವು. ಮಾತು ವೇಗವಾದರೆ ಬೆರಳೂ ವೇಗ. ವಾಕ್ಯ ಮುಗಿದ ಕೂಡಲೇ ಬಲಗೈಯ ಉಂಗುರಬೆರಳು ಒಮ್ಮೆ ಬಾಗಿ ಚುಕ್ಕಿ ಇಡುತ್ತಿತ್ತು. ಇದು ಅವರಿಗೇ ಗೊತ್ತಿರಲಿಲ್ಲ. ಮೊದಲ ಸಲ ನಾನು ಹೇಳಿದಾಗ ಕೈಗಳನ್ನು ಪಟ್ಟನೆ ಸೆರಗಿನೊಳಗೆ ಸೇರಿಸಿಕೊಂಡರು. ಸೆರಗಿನೊಳಗೂ ಅವು ಆಡುತ್ತಲೇ ಇದ್ದವು.

ನನಗೆ ಚಿಕ್ಕಂದಿನಿಂದ ತೊದಲು. ಒಂದು ಅಕ್ಷರಕ್ಕೆ ಸಿಕ್ಕಿಕೊಂಡರೆ ಎದುರಿಗಿದ್ದವರು ಕನಿಕರಪಟ್ಟು ಆ ಮಾತನ್ನು ತಾವೇ ಮುಗಿಸಿಬಿಡುತ್ತಾರೆ. ಎಷ್ಟೋ ಸಲ ನಾನು ಹೇಳಬೇಕೆಂದಿದ್ದು ಅದಾಗಿರುವುದಿಲ್ಲ. ಆದರೂ ತಲೆಯಾಡಿಸಿ ಒಪ್ಪಿಕೊಳ್ಳುತ್ತೇನೆ. ಟೀಚರ್ ಹಾಗೆ ಮಾಡಿದವರಲ್ಲ. ನಾನು ನಿಂತಲ್ಲಿ ಅವರ ಬೆರಳೂ ಗಾಳಿಯಲ್ಲಿ ನಿಲ್ಲುತ್ತಿತ್ತು. ಮುಂದಿನ ಅಕ್ಷರ ಬರುವ ತನಕ ಹಾಗೆಯೇ ಕಾಯುತ್ತಿತ್ತು. ನನ್ನ ಮಾತನ್ನು ಹೀಗೆ ಕಾದು ಬರೆದುಕೊಂಡವರು ಇನ್ನೊಬ್ಬರಿಲ್ಲ.

ಇಷ್ಟಾಗಿಯೂ ಅವರನ್ನು ನಾನು ಕಣ್ಣಾರೆ ಕಂಡದ್ದು ಬೆರಳೆಣಿಕೆಯಷ್ಟು ಸಲ. ಅವರು ಇದ್ದದ್ದು ಹುಮನಾಬಾದಿನಲ್ಲಿ, ನಾನು ಬಸವಕಲ್ಯಾಣದಲ್ಲಿ. ನಡುವೆ ಒಂದು ಬಸ್ಸಿನ ದಾರಿ. ಆದರೆ ನಮಗೆ ಪರಿಚಯವಾದದ್ದು ಆ ದಾರಿಯಲ್ಲಲ್ಲ. ಅಮೆರಿಕದಲ್ಲಿ ಯಾರೋ ನಡೆಸುತ್ತಿದ್ದ ಒಂದು ಆಟದ ಸೈಟಿನಲ್ಲಿ.

ಎರಡು ಸಾವಿರದ ನಾಲ್ಕೈದರ ಸುಮಾರಿನ ಮಾತು. ಬಿ.ಕಾಂ. ಮುಗಿಸಿ ನಾನು ಸೋದರಮಾವನ ಇಂಟರ್ನೆಟ್ ಅಂಗಡಿಯಲ್ಲಿ ಕೂರುತ್ತಿದ್ದೆ. ಬಸ್ ನಿಲ್ದಾಣದ ಹತ್ತಿರ, ಪ್ಲೈವುಡ್ಡಿನ ಗೂಡುಗಳಲ್ಲಿ ಆರೇಳು ಕಂಪ್ಯೂಟರು. ಜೊತೆಗೆ ಓದಿದವರೆಲ್ಲ ಹೈದರಾಬಾದು, ಪುಣೆ ಎಂದು ಚೆದುರಿಹೋಗಿದ್ದರು. ಸಂದರ್ಶನದಲ್ಲಿ ನನ್ನ ಹೆಸರು ಹೇಳುವಷ್ಟರಲ್ಲೇ ಎದುರಿನವರು ಗಡಿಯಾರ ನೋಡುತ್ತಿದ್ದುದರಿಂದ ನಾನು ಊರಲ್ಲೇ ಉಳಿದೆ. ಬೆಳಿಗ್ಗೆ ಬೇಗ ಅಂಗಡಿ ತೆರೆಯುವ ಕೆಲಸ ನನ್ನದು. ಗಿರಾಕಿಗಳು ಬರಲು ಹತ್ತು ಗಂಟೆಯಾಗುತ್ತಿತ್ತು. ಅಲ್ಲಿಯವರೆಗೆ ನಾನು, ಮಾಡೆಮ್ಮಿನ ಕೀಚಲು ದನಿ, ಮತ್ತು ಆ ಆಟ.

ಆಟ ಸರಳ. ಇಬ್ಬರು ಆಟಗಾರರು, ಒಬ್ಬೊಬ್ಬರ ಬಳಿ ಆರು ವಿಚಿತ್ರ ಪ್ರಾಣಿಗಳು. ಕೆಲವು ಬೆಂಕಿಯವು, ಕೆಲವು ನೀರಿನವು, ಕೆಲವು ಸೊಪ್ಪು ಬಳ್ಳಿಯವು, ಕೆಲವು ಕಲ್ಲಿನವು. ಬೆಂಕಿಯದು ನೀರಿಗೆ ಸೋಲುತ್ತದೆ, ನೀರಿನದು ಬಳ್ಳಿಗೆ. ಪ್ರತಿ ಸರದಿಗೂ ಇಬ್ಬರೂ ಗುಟ್ಟಾಗಿ ಒಂದೊಂದು ನಡೆ ಆರಿಸಬೇಕು. ಆಮೇಲೆ ಎರಡೂ ಒಟ್ಟಿಗೆ ಬಯಲಾಗುತ್ತವೆ. ಎದುರಿನವನು ಏನು ಮಾಡುತ್ತಾನೆ ಎಂದು ಊಹಿಸುವುದೇ ಅದರ ಮಜಾ. ಚಿತ್ರಗಳಿರಲಿಲ್ಲ, ಎಲ್ಲ ಬರೀ ಅಕ್ಷರಗಳಲ್ಲಿ ಸಾಗುತ್ತಿತ್ತು. ಹಾಗಾಗಿ ನಮ್ಮ ಊರಿನ ನಿಧಾನದ ಲೈನಿನಲ್ಲೂ ಆಡಬಹುದಿತ್ತು. ನಮಗೆ ಬೆಳಗಾದಾಗ ಅಲ್ಲಿನ ಹುಡುಗರಿಗೆ ಸಂಜೆ, ಸೈಟು ತುಂಬಿರುತ್ತಿತ್ತು. ನಾನು ಅಲ್ಲಿ ಬ್ಲ್ಯಾಕ್ ಸ್ಟಾರ್ಮ್ ಎಂಬ ಭಯಂಕರ ಹೆಸರಿಟ್ಟುಕೊಂಡಿದ್ದೆ. ಅಲ್ಲಿ ತೊದಲು ಇರಲಿಲ್ಲ.

ಅಲ್ಲೊಬ್ಬರು ನನ್ನನ್ನು ದಿನವೂ ಸೋಲಿಸುತ್ತಿದ್ದರು. ಅವರ ಹೆಸರು ಎ, ಎಸ್, ಡಿ, ಎಫ್, ಜಿ, ಎಫ್. ಯಾವನೋ ಸೋಮಾರಿ ಅಮೆರಿಕದ ಹುಡುಗ, ಹೆಸರು ಯೋಚಿಸಲು ಬೇಜಾರಾಗಿ ಕೀಲಿಗಳ ಮೇಲೆ ಕೈಯಾಡಿಸಿದ್ದಾನೆ ಎಂದುಕೊಂಡಿದ್ದೆ. ಅವನ ದಂಡಿನಲ್ಲಿ ದೊಡ್ಡ ಮೈಯ, ನಿಧಾನದ ಪ್ರಾಣಿಯೊಂದಿತ್ತು. ಎಷ್ಟು ಹೊಡೆದರೂ ಜಗ್ಗದೆ, ಮಲಗಿ ನಿದ್ದೆ ಮಾಡಿ, ಎದ್ದು ಮತ್ತೆ ನಿಲ್ಲುತ್ತಿತ್ತು. ಅದಕ್ಕೆ ಅವನು ಇಂಗ್ಲಿಷಿನಲ್ಲಿ ಇ, ಎಂ, ಎಂ, ಐ ಎಂದು ಹೆಸರಿಟ್ಟಿದ್ದ. ಅವನ ಗೆಳತಿಯ ಹೆಸರು ಎಮಿ ಇರಬೇಕು ಎಂದು ನಾನು ಕಲ್ಪಿಸಿಕೊಂಡು, ಒಂದೆರಡು ಸಲ ಹೊಟ್ಟೆಕಿಚ್ಚೂ ಪಟ್ಟಿದ್ದುಂಟು.

ಒಂದು ದಿನ ಅವನು ಹೊಸದೊಂದು ಸೊಪ್ಪಿನ ಪ್ರಾಣಿಯನ್ನು ಕಣಕ್ಕಿಳಿಸಿದ. ಅದರ ಹೆಸರು ಪುಂಡಿ. ನಾನು ತೆರೆಯನ್ನು ನೋಡುತ್ತ ಕೂತೆ. ಹಿಂದಿನ ರಾತ್ರಿ ಊಟಕ್ಕೆ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ನಮ್ಮ ಕಡೆಯ ಹುಳಿಸೊಪ್ಪಿನ ಪುಂಡಿಪಲ್ಯ. ಆಟ ಬಿಟ್ಟು, ಪಕ್ಕದ ಚಾಟ್ ಡಬ್ಬಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆ: 'ಪುಂಡಿಪಲ್ಯದ ಪುಂಡಿ ಏನು?'

ಉತ್ತರ ಬಂತು: 'ನೀ ಯಾರು?'

ಬಸವಕಲ್ಯಾಣ ಎಂದೆ. 'ನಾ ಹುಮನಾಬಾದ' ಎಂದಿತು ತೆರೆ. ನಂಬಿಕೆಯಾಗಲಿಲ್ಲ. ಯಾರೋ ಗೆಳೆಯರು ಚೇಷ್ಟೆ ಮಾಡುತ್ತಿದ್ದಾರೆ ಎನಿಸಿತು. ಏನು ಕೇಳಿ ಪರೀಕ್ಷಿಸಲಿ ಎಂದು ಯೋಚಿಸುತ್ತಿರುವಾಗಲೇ ಕರೆಂಟು ಹೋಯಿತು. ಕರೆಂಟು ಮರಳಿದ ಮೇಲೆ ಸೈಟು ತೆರೆದರೆ ಅವರದೂ ಆಗಷ್ಟೇ ತೆರೆದಿತ್ತು. 'ನಿಮ್ಮಲ್ಲೂ ಹೋಗಿತ್ತೇನು ಕರೆಂಟು?' ಎಂದು ಅವರೇ ಮೊದಲು ಕೇಳಿದರು. ಆಮೇಲೆ ನಾನು ಮರೆಯದೆ ಎಮಿ ಯಾರು ಎಂದು ಕೇಳಿದೆ. 'ಎಮಿ ಅಲ್ಲೋ, ಎಮ್ಮಿ. ನಮ್ಮ ಮನಿ ಹಿಂದ ಕಟ್ಟಿದ್ದೆವು, ಥೇಟ್ ಹೀಂಗೇ ಇತ್ತು. ಯಾರಿಗೂ ಜಗ್ತಿರಲಿಲ್ಲ.'

ಅಂಗಡಿಯಲ್ಲಿ ನಾನೊಬ್ಬನೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅವರು ಹುಡುಗನಲ್ಲ, ಐವತ್ತರ ಹತ್ತಿರದ ಹೆಂಗಸು ಎಂದು ತಿಳಿಯಲು ಇನ್ನೂ ಕೆಲವು ವಾರ ಬೇಕಾಯಿತು. ಹುಮನಾಬಾದಿನಲ್ಲಿ ಅವರದೊಂದು ಟೈಪಿಂಗ್ ಶಾಲೆ. ಅಣ್ಣನ ಮನೆಯ ಮೇಲಂತಸ್ತು. ಒಂದು ಕಾಲಕ್ಕೆ ಬೆಳಗಿನಿಂದ ಸಂಜೆಯವರೆಗೆ ತಂಡತಂಡವಾಗಿ ಹುಡುಗರು ಬರುತ್ತಿದ್ದರಂತೆ. ಎ, ಎಸ್, ಡಿ, ಎಫ್ ಎಂಬ ಅವರ ಆಟದ ಹೆಸರು ಟೈಪಿಂಗಿನ ಮೊದಲನೇ ಪಾಠ. ಯಾರು ಬಂದರೂ ಮೊದಲ ವಾರ ಎಡಗೈಯಲ್ಲಿ ಅದನ್ನೇ ಕುಟ್ಟಬೇಕು. ಕಾಲ ಬದಲಾಗಿ ಹುಡುಗರು ಕಂಪ್ಯೂಟರ್ ಕ್ಲಾಸು ಹುಡುಕತೊಡಗಿದಾಗ ಟೀಚರೂ ಎರಡು ಕಂಪ್ಯೂಟರ್ ತರಿಸಿ, ಫೋನಿನ ಲೈನಿಗೆ ಇಂಟರ್ನೆಟ್ ಹಾಕಿಸಿದರು. ಆದರೂ ಬಂದವರು ಒಬ್ಬಿಬ್ಬರೇ. ಅವರಲ್ಲೊಬ್ಬ ಈ ಆಟದ ಪುಟವನ್ನು ತೆರೆದಿಟ್ಟು ಎದ್ದುಹೋಗಿದ್ದ. ಅಕ್ಷರಗಳು ತಾವಾಗಿ ಸಾಲುಸಾಲಾಗಿ ಇಳಿಯುವುದನ್ನು ಕಂಡ ಟೀಚರ್ ಅದನ್ನು ಯಾವುದೋ ಹೊಸ ಥರದ ಟೈಪಿಂಗ್ ಪರೀಕ್ಷೆ ಎಂದು ಭಾವಿಸಿ ಕೂತರಂತೆ. 'ಸೋತೆ ಅಂತ ಬಂತು. ಯಾರಿಗೆ ಸೋತೆ, ಯಾಕ ಸೋತೆ ತಿಳೀಲಿಲ್ಲ. ಅದು ತಿಳೀಲಿ ಅಂತ ಮತ್ತೊಮ್ಮಿ ಆಡಿದೆ' ಎಂದು ಬರೆದಿದ್ದರು.

ಅವರದೊಂದು ನಿಯಮವಿತ್ತು. ಒತ್ತಿದ ಅಕ್ಷರವನ್ನು ಅಳಿಸುತ್ತಿರಲಿಲ್ಲ. ಟೈಪ್‌ರೈಟರಿನಲ್ಲಿ ಬಿದ್ದ ಅಕ್ಷರ ಬಿದ್ದದ್ದೇ, ಕಂಪ್ಯೂಟರಿನಲ್ಲೂ ಹಾಗೆಯೇ. ಎಂದಾದರೂ ತಪ್ಪು ನಡೆ ಒತ್ತಿದರೆ, ಬದಲಿಸಲು ಸಮಯವಿದ್ದರೂ ಬದಲಿಸದೆ, ಆ ತಪ್ಪನ್ನೇ ಇಟ್ಟುಕೊಂಡು ಆಟ ಕಟ್ಟುತ್ತಿದ್ದರು. ನಾನು ಚಾಟಿನಲ್ಲಿ ಬರೆದು ಅಳಿಸಿ ಬರೆದು ತಡಮಾಡಿದರೆ ಬೈಯುತ್ತಿದ್ದರು: 'ವೀರೇಶಾ, ಎಷ್ಟು ಒರಸ್ತಿ? ಮೊದ್ಲು ಏನು ಬಂತೋ ಅದೇ ಕಳಸು.' ಬ್ಲ್ಯಾಕ್ ಸ್ಟಾರ್ಮ್ ಎಂದು ಅವರು ಕರೆದದ್ದು ಒಂದೇ ಸಲ. ಅದೂ ಅದರ ಅರ್ಥ ಕೇಳಿ, 'ನಿಮ್ಮವ್ವ ಇಟ್ಟ ಹೆಸರಿಗೆ ಏನಾಗಿತ್ತು' ಎಂದು ವಿಚಾರಿಸಲು.

ಹೀಗೆ ವರ್ಷಗಟ್ಟಲೆ ನಡೆಯಿತು. ಬೆಳಿಗ್ಗೆ ಒಂದು ಆಟ, ಆಮೇಲೆ ಮಾತು. ಮಳೆ ಶುರುವಾದರೆ ಇಬ್ಬರಲ್ಲಿ ಯಾರ ಊರಿಗೆ ಮೊದಲು ಬಂತು ಎಂದು ಹೇಳಿಕೊಳ್ಳುತ್ತಿದ್ದೆವು. ಕಬ್ಬಿನ ಲಾರಿ ಸಿಕ್ಕಿಬಿದ್ದು ಹಳ್ಳಿಖೇಡದ ಕಡೆಯ ದಾರಿ ಕಟ್ಟಿದರೆ ಅದನ್ನೂ. ಟೀಚರ್ ಭಾಲ್ಕಿಗೆ ಮದುವೆಯಾಗಿ ಹೋಗಿ ವರ್ಷದೊಳಗೆ ಅಣ್ಣನ ಮನೆಗೆ ಮರಳಿದವರು ಎಂದು ಬೇರೆ ಯಾರಿಂದಲೋ ತಿಳಿಯಿತು. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಯವರ ಬಗ್ಗೆ ಅವರು ಬರೆದದ್ದು ಕಡಿಮೆ. ಅಣ್ಣ ಕಾಳುಕಡಿಯ ಅಡತಿ ಅಂಗಡಿಗೆ ಹೋಗುತ್ತಾನೆ, ವೈನಿ, ಎಂದರೆ ಅತ್ತಿಗೆ, ಕೆಳಗಿರುತ್ತಾಳೆ, ನಾನು ಮೇಲಿರುತ್ತೇನೆ, ಅಷ್ಟೇ. ಈ ಆಟದ ವಿಷಯ ಯಾರಿಗೂ ಹೇಳಿರಲಿಲ್ಲ. ಕೀಲಿಯ ಸದ್ದು ಕೇಳುತ್ತಿರುವ ತನಕ ಮನೆಯವರು ಟೀಚರ್ ಕೆಲಸದಲ್ಲಿದ್ದಾರೆ ಎಂದುಕೊಳ್ಳುತ್ತಾರೆ, ಅದೇ ಅನುಕೂಲ ಎಂದು ಒಮ್ಮೆ ಬರೆದಿದ್ದರು.

ಒಂದು ಸಲ ಧೈರ್ಯ ಮಾಡಿ ಹುಮನಾಬಾದಿಗೆ ಹೋದೆ. ಮೆಟ್ಟಿಲು ಹತ್ತಿ ನಿಂತಾಗ, ಹಾಳೆಯಂಥ ಬಿಳಿ ಸೀರೆಯ, ಸಣ್ಣ ಮೈಕಟ್ಟಿನ ಹೆಂಗಸೊಬ್ಬರು ಟೈಪ್‌ರೈಟರುಗಳ ಮೇಲಿನ ರೆಕ್ಸಿನ್ ಹೊದಿಕೆಗಳ ಧೂಳು ಕೊಡವುತ್ತಿದ್ದರು. ಹೆಸರು ಹೇಳಲು ನಾನು ಒದ್ದಾಡುತ್ತಿದ್ದಂತೆ ಅವರ ಬೆರಳು ಮೇಜಿನ ಮೇಲೆ ನಿಂತು ಕಾದದ್ದು ಅಂದೇ. ಕೂತೆವು. ದಿನವೂ ಬರೆದುಕೊಳ್ಳುತ್ತಿದ್ದ ನಮಗೆ ಆಡಲು ಒಂದು ಮಾತೂ ಸಿಗಲಿಲ್ಲ. ಬಸ್ಸು ಖಾಲಿಯಿತ್ತೇ ಎಂದು ಕೇಳಿದರು, ಇತ್ತು ಎಂದೆ. ಅಷ್ಟರಲ್ಲಿ ಅವರ ಅತ್ತಿಗೆ ಚಹಾ ತಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವರು ಯಾರು ಎಂದರು. 'ಟೈಪಿಂಗ್ ಪರೀಕ್ಷಾ ವಿಚಾರಿಸ್ಲಿಕ್ಕ ಬಂದಾರ' ಎಂದರು ಟೀಚರ್. ಅತ್ತಿಗೆ ಇಳಿದುಹೋದರು. ಕೊನೆಗೆ ಟೀಚರ್ ಎದ್ದು ಎರಡೂ ಕಂಪ್ಯೂಟರ್ ಹಚ್ಚಿದರು. ಅವರು ಆ ಗೋಡೆಗೆ ಮುಖಮಾಡಿ, ನಾನು ಈ ಗೋಡೆಗೆ ಮುಖಮಾಡಿ ಕೂತೆವು. ನನ್ನ ತೆರೆಯ ಮೇಲೆ ಅಕ್ಷರ ಮೂಡಿತು:

'ಎಷ್ಟು ತೆಳ್ಳಗಿದ್ದೀಯೋ. ಊಟ ಮಾಡ್ತೀಯೋ ಇಲ್ಲೋ?'

'ಮಾಡ್ತೀನ್ರಿ. ನೀವು ಹೀಂಗ ಸಣ್ಣಗಿರ್ತೀರಿ ಅಂತ ನಾನೂ ತಿಳದಿರ್ಲಿಲ್ಲ.'

ಬೆನ್ನ ಹಿಂದೆ ಅವರು ಸಣ್ಣಗೆ ನಕ್ಕದ್ದು ಕೇಳಿಸಿತು. ಅಂದು ಮಧ್ಯಾಹ್ನದವರೆಗೂ ನಾವು ಬೆನ್ನಿಗೆ ಬೆನ್ನು ಹಾಕಿ ಕೂತು, ಒಂದೇ ಕೋಣೆಯಲ್ಲಿ, ಅಮೆರಿಕದ ಮೂಲಕ ಮಾತಾಡಿದೆವು. ಇದು ತಮಾಷೆಯೋ ದುಃಖವೋ ಎಂದು ಬಸ್ಸಿನಲ್ಲಿ ಹಿಂದಿರುಗುವಾಗ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಆ ಸೈಟಿನವರು ವರ್ಷಕ್ಕೊಂದು ಪಂದ್ಯಾವಳಿ ನಡೆಸುತ್ತಿದ್ದರು. ಗೆದ್ದವರಿಗೆ ಏನೂ ಸಿಗದು. ಪುಟದ ಮೇಲುಗಡೆ ವರ್ಷಪೂರ್ತಿ ಹೆಸರಿರುತ್ತದೆ. ಒಂದು ವರ್ಷ ನಾನು ಎರಡನೇ ಸುತ್ತಿಗೇ ಹೊರಬಿದ್ದೆ. ಟೀಚರ್ ಒಂದೊಂದೇ ಸುತ್ತು ದಾಟಿ ಕೊನೆಯ ಆಟಕ್ಕೆ ಬಂದರು. ಎದುರಾಳಿ ಫಿನ್‌ಲ್ಯಾಂಡಿನವನು, ಎಲ್ಲರೂ ಹೆದರುತ್ತಿದ್ದವನು. ಅದೇ ವಾರ ಅವರ ಅಣ್ಣ ಮೇಲಂತಸ್ತನ್ನು ಮೊಬೈಲ್ ಅಂಗಡಿಯವರಿಗೆ ಕೊಡಲು ಮಾತಾಡಿ ಫೋನಿನ ಲೈನನ್ನು ಕೆಳಗೆ ಇಳಿಸಿಕೊಂಡರು. ಅಣ್ಣ ಕೆಟ್ಟವರಲ್ಲ. ಕಲಿಯುವವರೇ ಇಲ್ಲದ ಶಾಲೆಯನ್ನು ತಂಗಿ ಯಾಕೆ ಕಾಯುತ್ತ ಕೂತಿದ್ದಾಳೆ ಎಂಬುದು ಅವರಿಗೆ ಅರ್ಥವಾಗಿರಲಿಲ್ಲ. ಟೀಚರ್ ಅರ್ಥಮಾಡಿಸಲೂ ಹೋಗಲಿಲ್ಲ.

ಎಸ್.ಟಿ.ಡಿ. ಬೂತಿನಿಂದ ನನ್ನ ಅಂಗಡಿಗೆ ಫೋನು ಬಂತು. ಅವರ ದನಿಯನ್ನು ಫೋನಿನಲ್ಲಿ ಕೇಳಿದ್ದು ಅದೊಂದೇ ಸಲ. 'ನಿನ್ನ ಅಂಗಡ್ಯಾಗ ಒಂದು ಸಿಸ್ಟಮ್ ಬಿಟ್ಟು ಇಡ್ತೀ?' ಎಂದರು. ಮೂಲೆಯ ಗೂಡನ್ನು ಒರೆಸಿ, ಕುರ್ಚಿಗೆ ದಿಂಬು ಹಾಕಿ ಕಾದೆ. ಮೊದಲ ಬಸ್ಸಿಗೇ ಬಂದರು. ಮಗಳಿಗೆ ಗಂಡು ನೋಡಲು ಬಂದ ತಾಯಿಯಂತೆ ಇಸ್ತ್ರಿ ಸೀರೆ ಉಟ್ಟು, ಕೈಯಲ್ಲೊಂದು ಬುತ್ತಿ ಹಿಡಿದಿದ್ದರು.

ಆ ಆಟ ಎರಡು ತಾಸಿಗೂ ಮಿಕ್ಕಿ ನಡೆಯಿತು. ನಾನು ಹಿಂದೆ ನಿಂತಿದ್ದೆ. ಫಿನ್‌ಲ್ಯಾಂಡಿನವನು ಮೊದಲಿಗೇ ಬಿರುಸಾಗಿ ಬಂದು ಅವರ ಪ್ರಾಣಿಗಳನ್ನು ಒಂದರ ಹಿಂದೊಂದು ಕೆಡವಿದ. ಕೊನೆಗೆ ಅವನ ಬಳಿ ಎರಡು, ಇವರ ಬಳಿ ಎಮ್ಮಿ ಒಂದೇ. ನಾನಾಗಿದ್ದರೆ ಹೊಡೆದು ಸಾಯುತ್ತಿದ್ದೆ. ಟೀಚರ್ ಎಮ್ಮಿಯನ್ನು ಮಲಗಿಸಿದರು. ಮಲಗಿದ ಪ್ರಾಣಿಯ ಗಾಯ ಮಾಯುತ್ತದೆ, ಆದರೆ ಏಳುವ ತನಕ ಅದು ಹೊಡೆತ ತಿನ್ನುತ್ತಿರಬೇಕು. ಅವನು ಹೊಡೆದ. ಎಮ್ಮಿ ಎದ್ದಿತು, ಒಂದು ಸಲ ಹಾಯ್ದಿತು, ಮತ್ತೆ ಮಲಗಿತು. ಅವನು ಮತ್ತೆ ಹೊಡೆದ. ಒಂದೊಂದು ಹೊಡೆತಕ್ಕೂ ಇಷ್ಟು ಸಲ ಎಂಬ ಮಿತಿಯಿರುತ್ತದೆ; ಅವನ ಒಳ್ಳೊಳ್ಳೆಯ ಹೊಡೆತಗಳೆಲ್ಲ ಮಲಗಿದ ಎಮ್ಮಿಯ ಮೇಲೆ ಖರ್ಚಾಗಿಹೋದವು. ಅಷ್ಟರಲ್ಲಿ ಗಿರಾಕಿಗಳು ಬಂದು ರೈಲ್ವೆ ಟಿಕೆಟ್ಟು, ಪರೀಕ್ಷೆಯ ಫಲಿತಾಂಶ ಎಂದು ಕರೆಯುತ್ತಿದ್ದರು. ಯಾರಿಗೂ ನಾನು ಉತ್ತರ ಕೊಡಲಿಲ್ಲ.

ಟೀಚರ್ ಗೆದ್ದರು.

ತೆರೆಯ ಮೇಲೆ ಅಭಿನಂದನೆಗಳು ಒಂದರ ಮೇಲೊಂದು ಸುರಿಯತೊಡಗಿದವು. ಆ ಫಿನ್‌ಲ್ಯಾಂಡಿನವನೂ, ಇಂಥ ತಾಳ್ಮೆಯನ್ನು ನಾನು ಕಂಡಿಲ್ಲ ಗೆಳೆಯಾ, ಎಂದು ಬರೆದ. ಅವರೆಲ್ಲರಿಗೆ ಟೀಚರ್ ಇನ್ನೂ ಗೆಳೆಯನೇ. ಟೀಚರ್ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆಮೇಲೆ ಗೂಡಿನಿಂದ ಕತ್ತು ಹೊರಹಾಕಿ ಅಂಗಡಿಯನ್ನೆಲ್ಲ ಒಮ್ಮೆ ನೋಡಿದರು. ಫಾರಂ ತುಂಬುತ್ತಿದ್ದ ಹುಡುಗರು, ಜೆರಾಕ್ಸಿಗೆ ನಿಂತಿದ್ದ ಒಬ್ಬ ಮುದುಕರು, ಬಾಗಿಲಲ್ಲಿ ಮುಡಬಿ ಊರಿಗೆ ಜನರನ್ನು ಕೂಗುತ್ತಿದ್ದ ಆಟೋದವನು.

'ಈಗ ಇದನ್ನ ಯಾರಿಗೆ ಹೇಳ್ಬೇಕು, ವೀರೇಶಾ?' ಎಂದರು.

ನನ್ನ ಉತ್ತರಕ್ಕಾಗಿ ಅವರ ಬೆರಳು ತುಸು ಮೇಲೆದ್ದು ಕಾಯುತ್ತಿತ್ತು. ಆಮೇಲೆ ಅವರೇ ಬುತ್ತಿ ಬಿಚ್ಚಿ ಶೇಂಗಾ ಹೋಳಿಗೆ ಕೊಟ್ಟರು. ಗೆದ್ದರೆ ತಿನ್ನೋಣ ಎಂದು ಮಾಡಿದ್ದೋ, ಸೋತರೂ ಇರಲಿ ಎಂದೋ, ಕೇಳಲಿಲ್ಲ. ಇಬ್ಬರೂ ಗೂಡಿನಲ್ಲೇ ಕೂತು ತಿಂದೆವು.

ಆಮೇಲೆ ಬೆಳಗಿನ ಆಟ ನಿಂತಿತು. ಶಾಲೆ ಖಾಲಿಯಾಯಿತು, ಮೊಬೈಲ್ ಅಂಗಡಿ ಬಂತು. ಲಾತೂರಿನಲ್ಲಿದ್ದ ತಂಗಿಗೆ ಮೈ ನೆಟ್ಟಗಿಲ್ಲವೆಂದು ಟೀಚರ್ ಅಲ್ಲಿಗೆ ಹೊರಟರು. ಹೊರಡುವ ದಿನವನ್ನು ಕಾರ್ಡು ಬರೆದು ತಿಳಿಸಿದ್ದರಿಂದ ಹುಮನಾಬಾದಿನ ಬಸ್ ನಿಲ್ದಾಣಕ್ಕೆ ಹೋದೆ. ಒಂದು ಟ್ರಂಕು, ಒಂದು ಚೀಲ. ಬಸ್ಸು ಬರುವ ತನಕ ಸಿಮೆಂಟಿನ ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ಈ ಸಲ ನಡುವೆ ಯಾವ ತೆರೆಯೂ ಇರಲಿಲ್ಲ. ಆದರೂ ಸ್ವಲ್ಪ ಮಾತು ಬಂತು. ಲಾತೂರಿನಲ್ಲೂ ಇಂಟರ್ನೆಟ್ ಅಂಗಡಿಗಳಿರುತ್ತವೆ, ಬಿಡುವಾದಾಗ ಆಟಕ್ಕೆ ಬನ್ನಿ ಎಂದೆ. ತಂಗಿ ಹಾಸಿಗೆ ಹಿಡಿದಿದ್ದಾಳೆ, ಮನೆ ಬಿಟ್ಟು ಏಳಲಾಗುವುದಿಲ್ಲ ಎಂದರು. ಬಸ್ಸಿನ ಕಿಟಕಿಯಲ್ಲಿ ಕೂತ ಮೇಲೆ, 'ನೀ ಮಂದಿ ಕೂಡ ಮಾತಾಡೋದು ಬಿಡಬ್ಯಾಡ. ತಡಾ ಆದ್ರ ಆಗ್ಲಿ, ಕೇಳವರು ಕೇಳ್ತಾರ' ಎಂದರು. ಬಸ್ಸು ಹೊರಟಿತು.

ಎಂಟು ಹತ್ತು ತಿಂಗಳು ದಿನವೂ ಬೆಳಿಗ್ಗೆ ಸೈಟು ತೆರೆದು ನೋಡಿದೆ. ಆ ಹೆಸರು ಒಮ್ಮೆಯೂ ಹೊತ್ತಿಕೊಳ್ಳಲಿಲ್ಲ. ಸೈಟಿನ ಹುಡುಗರೂ ಎಲ್ಲಿ ಹೋದ, ಯಾಕೆ ಬರುತ್ತಿಲ್ಲ ಎಂದು ಕೇಳತೊಡಗಿದರು. ಕಡೆಗೆ ನಾನೇ ಹುಮನಾಬಾದಿಗೆ ಹೋದೆ. ಟೀಚರ್ ಅವರ ಅತ್ತಿಗೆ ಕೆಳಗಿನ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಗುರುತು ಹಿಡಿದರು. ಮಳೆಗಾಲದಲ್ಲಿ ಲಾತೂರಿನಲ್ಲೇ ಜ್ವರ ಬಂದು, ಮೆದುಳಿಗೆ ಏರಿ, ಟೀಚರ್ ತೀರಿಕೊಂಡಿದ್ದರು. ನಾಲ್ಕು ತಿಂಗಳಾಗಿತ್ತು. ಟೈಪಿಂಗ್ ಕಲಿತವರು ಹೀಗೆ ಆಗಾಗ ಬಂದು ಕೇಳಿಕೊಂಡು ಹೋಗುತ್ತಾರೆ ಎಂದರು ಅತ್ತಿಗೆ.

ಊರಿಗೆ ಮರಳಿ ಸೈಟಿನಲ್ಲಿ ನಾಲ್ಕು ಸಾಲು ಬರೆದೆ. ಅವರು ಹುಡುಗನಲ್ಲ, ಹುಮನಾಬಾದ್ ಎಂಬ ಊರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಹೆಂಗಸು, ಈಗಿಲ್ಲ ಎಂದು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬರೆಯತೊಡಗಿದರು. ತಾವು ಅವರಿಗೆ ಹೇಗೆ ಸೋತೆವು, ಸೋತ ಮೇಲೆ ಅವರು ಏನು ಹೇಳಿದರು ಎಂದೆಲ್ಲ. ಫಿನ್‌ಲ್ಯಾಂಡಿನವನು ಆ ಕೊನೆಯ ಆಟವನ್ನು ನಡೆ ನಡೆಯಾಗಿ ನೆನಪಿಸಿಕೊಂಡು ಬರೆದ. ಅದನ್ನೆಲ್ಲ ಓದಿದ ಮೇಲೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಮತ್ತೆ ಬಸ್ಸು ಹತ್ತಿ ಅದೇ ಮನೆಗೆ ಹೋದೆ.

ಪಡಸಾಲೆಯ ಮೆಟ್ಟಿಲ ಮೇಲೆ ಕೂತು ನನ್ನ ಗತಿಯಲ್ಲೇ, ನಿಂತು ನಿಂತು, ಎಲ್ಲ ಹೇಳಿದೆ. ಮೇಲಿನ ಕೋಣೆಯಲ್ಲಿ ಟೀಚರ್ ಮಾಡುತ್ತಿದ್ದದ್ದು ಏನು, ಯಾವ ಯಾವ ದೇಶದಿಂದ ಯಾರು ಯಾರು ಅವರಿಗಾಗಿ ಬರೆದಿದ್ದಾರೆ ಎಂದು. ಅತ್ತಿಗೆ ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು.

'ಇಷ್ಟು ಮಂದಿ ಇದ್ರಾ ಆಕಿಗೆ' ಎಂದರು ಎಲ್ಲ ಮುಗಿದ ಮೇಲೆ. 'ನಾ ದಿನಾ ಇಲ್ಲೇ ಕೆಳಗ ಒಬ್ಬಾಕೀನೇ ಕುಂತಿರ್ತಿದ್ದೆ. ಮ್ಯಾಲ ಟಕಟಕ ಕೇಳಸ್ತಿತ್ತು. ಕೆಲಸ ನಡದದ, ನಡುವ ಯಾಕ ಹೋಗ್ಬೇಕು ಅಂತ ಸುಮ್ನಾಗ್ತಿದ್ದೆ. ಒಂದ್ಸಲ ಕರದಿದ್ರ ನಾನೂ ಹತ್ತಿ ಬರ್ತಿದ್ದೆನಲ್ಲ.'

ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೆ ಒರಗಿ, ಕಾಲು ನೀಡಿ ಕೂತರು.

'ಹೇಳ್ರಿ' ಎಂದರು, 'ಹ್ಯಾಂಗ ಆಡ್ತಾರ ಅದನ್ನ? ನನಗೂ ತಿಳಿಯುವಂಗ ಹೇಳ್ರಿ.'

ನಾನು ಶುರುಮಾಡಿದೆ. ಬಸವಕಲ್ಯಾಣದ ಬಸ್ಸೊಂದು ಹೋಯಿತು. ಅದರ ನಂತರದ್ದೂ ಹೋಯಿತು.